ಹನ್ನೆರಡನೆಯ ದಿನ, ರಾತ್ರಿ ಹತ್ತೂವರೆ

ತಾರೆಯರ ಡಯಟ್ ಪುಸ್ತಕ ನೋಡಿ ಶುರು ಮಾಡಿದ ಡಯಟ್ ಮುರಿಯುವ ಹೊತ್ತು ಹೆಚ್ಚಾಗಿ ಇದೇ. ಮನೆಯವರು ಮಲಗಿರುತ್ತಾರೆ. ಅಡುಗೆಮನೆಯ ದೀಪವನ್ನೂ ಹಾಕದೆ ಕೈ ಡಬ್ಬಿಯ ಮುಚ್ಚಳ ಹುಡುಕುತ್ತದೆ. ಮೊದಲ ಎರಡು ಬಿಸ್ಕತ್ತು ನಿಂತಲ್ಲೇ ಮುಗಿಯುತ್ತವೆ, ರುಚಿ ಗೊತ್ತಾಗುವುದು ಮೂರನೆಯದಕ್ಕೆ. ಆರನೆಯದರ ಹೊತ್ತಿಗೆ 'ಹೇಗೂ ಕೆಟ್ಟಿತು, ನಾಳೆಯಿಂದ ಮತ್ತೆ ಶುರು ಮಾಡಿದರಾಯಿತು' ಅನ್ನಿಸುತ್ತದೆ. ಆಮೇಲೆ ಪೊಟ್ಟಣ ಉಳಿಯುವುದಿಲ್ಲ. ಸುಮಾರು 100 ಗ್ರಾಂ ಬಿಸ್ಕತ್ತು, 450ರಿಂದ 500 ಕ್ಯಾಲೊರಿ.

ಮರುದಿನ ಇದಕ್ಕೆ ಎರಡರಲ್ಲಿ ಒಂದು ಹೆಸರು ಬೀಳುತ್ತದೆ. ಒಂದು, 'ನನಗೆ ಮನೋಬಲ ಇಲ್ಲ.' ಇನ್ನೊಂದು, 'ನನ್ನದು ಎಮೋಷನಲ್ ಈಟಿಂಗ್', ಅಂದರೆ ಹಸಿವಿಲ್ಲದೆ ದುಃಖಕ್ಕೋ ಬೇಸರಕ್ಕೋ ತಿನ್ನುವುದು. ತೂಕ ಇಳಿಸಲು ಹೊರಟವರ ಊಟದ ಡೈರಿ ಓದುವ ಕೆಲಸದಲ್ಲಿರುವವರಿಗೆ ಈ ಪುಟ ತುಂಬ ಪರಿಚಿತ. ಅದನ್ನು ಕೆಳಗಿನಿಂದ ಮೇಲಕ್ಕೆ, ಅಂದರೆ ರಾತ್ರಿಯಿಂದ ಬೆಳಗಿನ ಕಡೆಗೆ ಓದಿದರೆ ಎರಡೂ ಹೆಸರು ಬಹಳ ಸಲ ಸುಳ್ಳಾಗುತ್ತವೆ.

ರಾತ್ರಿ ಎಂಟಕ್ಕೆ ಒಂದು ಬಟ್ಟಲು ಸೂಪ್, ಹೆಚ್ಚೆಂದರೆ 120 ಕ್ಯಾಲೊರಿ. ಸಂಜೆ ಏನೂ ಇಲ್ಲ, ಪುಸ್ತಕದಲ್ಲಿ ಸಂಜೆಯ ತಿಂಡಿಗೆ ಜಾಗವೇ ಇರಲಿಲ್ಲ. ಮಧ್ಯಾಹ್ನ ಒಂದಕ್ಕೆ ಸಲಾಡ್, ಅದರಲ್ಲಿ ಪ್ರೋಟೀನ್ 8 ಗ್ರಾಂ ದಾಟಿರಲಿಕ್ಕಿಲ್ಲ. ಬೆಳಿಗ್ಗೆ ಒಂದು ಲೋಟ ಹಣ್ಣು-ತರಕಾರಿ ರಸ. ರಾತ್ರಿ ಎಂಟರವರೆಗೆ ಒಟ್ಟು 600 ಕ್ಯಾಲೊರಿಯೂ ಆಗಿಲ್ಲ. ದಿನಕ್ಕೆ 2,200 ಕ್ಯಾಲೊರಿ ಖರ್ಚಾಗುವ ದೇಹ ಹನ್ನೆರಡು ದಿನ ಹೀಗೆ ಇದ್ದರೆ ರಾತ್ರಿ ಹತ್ತೂವರೆಗೆ ಡಬ್ಬಿ ತೆಗೆಯದಿದ್ದರೇ ಆಶ್ಚರ್ಯ. ಅದು ಹಸಿವು. ದುಃಖದ ಬಟ್ಟೆ ತೊಟ್ಟು ಬಂದಿದೆ, ಅಷ್ಟೇ.

ಬಟ್ಟೆ ಯಾಕೆ ದುಃಖದ್ದು ಎಂಬುದಕ್ಕೆ ಹಳೆಯ ಉತ್ತರವೊಂದಿದೆ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಎಲ್ಲರೂ ದೇಹ, ಮನಸ್ಸು ಎರಡರಲ್ಲೂ ಗಟ್ಟಿಯಿದ್ದಾರೆಂದು ಪರೀಕ್ಷಿಸಿ ಆರಿಸಿದ ಯುವಕರು. ಸಿಗುತ್ತಿದ್ದುದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ಕಳೆದುಕೊಂಡದ್ದು ಮೈತೂಕದ ಕಾಲು ಭಾಗ. ಜೊತೆಗೆ ಅವರಿಗೆ ಮಂಕು ಕವಿಯಿತು, ಸಣ್ಣದಕ್ಕೂ ಸಿಡುಕು ಬಂತು, ಮಾತು, ಕನಸು ಎಲ್ಲ ಊಟದ ಸುತ್ತಲೇ ತಿರುಗತೊಡಗಿತು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕಿದರು. ಅವರು ದಪ್ಪ ಇದ್ದವರಲ್ಲ, ಆದ್ದರಿಂದ ಅವರ ಸ್ಥಿತಿಯನ್ನು ನಮ್ಮ ಡಯಟ್ಟಿಗೆ ಹಾಗೇ ಹೊಂದಿಸಲಾಗದು. ಆದರೆ ಒಂದು ಅಂಶ ನೇರವಾಗಿ ಹೊಂದುತ್ತದೆ. ಉಣ್ಣದಿದ್ದರೆ ಮನಸ್ಸು ಕೆಡುತ್ತದೆ. ಹಾಗೆ ಕೆಟ್ಟ ಮನಸ್ಸನ್ನು ತೋರಿಸಿ, ತಿಂದದ್ದಕ್ಕೆ ಅದೇ ಕಾರಣ ಎಂದರೆ ಸರಣಿಯ ಮೊದಲ ಕೊಂಡಿಯನ್ನೇ ಬಿಟ್ಟಂತಾಯಿತು.

ಹಾಗಿದ್ದೂ ತಾರೆಯರ ಪುಸ್ತಕದ ಮೇಲೆ ಮೊದಲ ವಾರ ಅಷ್ಟು ನಂಬಿಕೆ ಹುಟ್ಟುವುದು ತೂಕದ ಯಂತ್ರದಿಂದ. ಐದನೆಯ ದಿನಕ್ಕೆ ಎರಡು ಕಿಲೋ ಇಳಿದಿರುತ್ತದೆ. ಯಂತ್ರ ಸುಳ್ಳು ಹೇಳುತ್ತಿಲ್ಲ, ಆದರೆ ಇಳಿದದ್ದರಲ್ಲಿ ಕೊಬ್ಬು ಸ್ವಲ್ಪವೇ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟ ಸುಮಾರು 400ರಿಂದ 500 ಗ್ರಾಂ ಇರುತ್ತದೆ. ಅದರ ಒಂದೊಂದು ಗ್ರಾಮೂ ಹತ್ತಿರಹತ್ತಿರ ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದಾಗ ಮೊದಲು ಕರಗುವುದು ಈ ದಾಸ್ತಾನು. ನೀರೂ ಅದರ ಜೊತೆ ಹೋಗುತ್ತದೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ದಿನಕ್ಕೆ 1,000 ಕ್ಯಾಲೊರಿ ಕಡಿಮೆ ತಿಂದರೂ ಐದು ದಿನಕ್ಕೆ ಮುಕ್ಕಾಲು ಕಿಲೋ ಮುಟ್ಟುವುದಿಲ್ಲ. ಬಿಸ್ಕತ್ತಿನ ಮರುದಿನ ಒಂದು ಕಿಲೋ ಏರಿದಂತೆ ಕಾಣುವುದೂ ಇದೇ ನೀರಿನ ಲೆಕ್ಕ. 500 ಕ್ಯಾಲೊರಿಯಿಂದ ಒಂದು ಕಿಲೋ ಕೊಬ್ಬು ಬೆಳೆಯಲಾರದು. ಇದು ಗೊತ್ತಿಲ್ಲದವರು ಮೊದಲ ವಾರ ಪುಸ್ತಕವನ್ನು ಹೊಗಳುತ್ತಾರೆ, ಮೂರನೆಯ ವಾರ ತಮ್ಮನ್ನೇ ಬೈದುಕೊಳ್ಳುತ್ತಾರೆ. ನೋಡಲು ಸಂಕಟವಾಗುತ್ತದೆ.

ಪುಸ್ತಕದ ವಿಧಾನಗಳು ಪೂರ್ತಿ ಸುಳ್ಳೇ ಎಂದರೆ ಅಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 160 ಜನರಿಗೆ ಆಗ ಹೆಸರಾಗಿದ್ದ ಅಟ್ಕಿನ್ಸ್, ಝೋನ್, ವೇಟ್ ವಾಚರ್ಸ್, ಆರ್ನಿಶ್ ಎಂಬ ನಾಲ್ಕು ಡಯಟ್‌ಗಳನ್ನು ಹಂಚಲಾಯಿತು. ವರ್ಷದ ಕೊನೆಗೆ ಸರಾಸರಿ ಇಳಿಕೆ ಎಲ್ಲದರಲ್ಲೂ 2ರಿಂದ 3.3 ಕಿಲೋ ಒಳಗೇ ಇತ್ತು. ಯಾವ ಡಯಟ್ ಎಂಬುದಕ್ಕಿಂತ ಎಷ್ಟು ದಿನ ಬಿಡದೆ ಮಾಡಿದರು ಎಂಬುದೇ ಇಳಿಕೆಯನ್ನು ನಿರ್ಧರಿಸಿತು. 2018ರಲ್ಲಿ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದವರು 609 ಜನರ ಮೇಲೆ ಒಂದು ವರ್ಷ ನಡೆಸಿದ ಅಧ್ಯಯನದಲ್ಲಿ ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಪಿಷ್ಟ ಕಡಿಮೆ ಮಾಡಿದವರು 6 ಕಿಲೋ ಇಳಿದರು. ಎರಡರ ನಡುವೆ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸವಿಲ್ಲ. ಇಷ್ಟು ಕ್ಯಾಲೊರಿಯೇ ತಿನ್ನಬೇಕು ಎಂಬ ಕಟ್ಟು ಇಬ್ಬರಿಗೂ ಇರಲಿಲ್ಲ. ಸಕ್ಕರೆ, ಮೈದಾ ಕಡಿಮೆ ಮಾಡಿ, ತರಕಾರಿ ಹೆಚ್ಚು ತಿನ್ನಿ, ಆದಷ್ಟು ಮನೆಯಲ್ಲೇ ಬೇಯಿಸಿ ಎಂಬುದಷ್ಟೇ ಇಬ್ಬರಿಗೂ ಕೊಟ್ಟ ಸಾಮಾನ್ಯ ಸೂಚನೆ. ಹಾಗಾಗಿ ಪುಸ್ತಕ ಕೈಗೆತ್ತಿಕೊಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಮುಂದಿನ ವರ್ಷ ಇದೇ ತಿಂಗಳಲ್ಲೂ ತಿನ್ನುತ್ತಿರುತ್ತೇನೆಯೇ?

ತಾರೆಯರ ಬದುಕಿನಲ್ಲೂ ಕಥೆ ಬೇರೆಯಲ್ಲ. ಅಮೆರಿಕದ ಟಿ.ವಿ. ನಿರೂಪಕಿ ಓಪ್ರಾ ವಿನ್‌ಫ್ರೆ 1988ರಲ್ಲಿ ಬರಿಯ ದ್ರವಾಹಾರದಿಂದ ಸುಮಾರು 30 ಕಿಲೋ ಇಳಿಸಿ, ಅಷ್ಟೇ ತೂಕದ ಪ್ರಾಣಿಕೊಬ್ಬನ್ನು ಕೈಗಾಡಿಯಲ್ಲಿ ಎಳೆದುಕೊಂಡು ತಮ್ಮ ಟಿ.ವಿ. ವೇದಿಕೆಗೆ ಬಂದರು. ಇಳಿದದ್ದು ಮತ್ತೆ ಏರತೊಡಗಲು ಹೆಚ್ಚು ದಿನ ಬೇಕಾಗಲಿಲ್ಲ ಎಂದು ಮುಂದೆ ಅವರೇ ಹೇಳಿಕೊಂಡರು. 2023ರ ಡಿಸೆಂಬರಿನಲ್ಲಿ ತೂಕದ ಔಷಧಿ ತೆಗೆದುಕೊಳ್ಳುತ್ತಿರುವುದನ್ನೂ ಮುಚ್ಚಿಡದೆ ಹೇಳಿದರು. ಅವರ ಪ್ರಾಮಾಣಿಕತೆ ದೊಡ್ಡದು. ಹಣ, ಅಡುಗೆಯವರು, ತರಬೇತುದಾರರು ಎಲ್ಲ ಇದ್ದವರಿಗೂ ಮೂವತ್ತೈದು ವರ್ಷ ಈ ಕಷ್ಟ ಬಿಡಲಿಲ್ಲವೆಂದ ಮೇಲೆ ಹನ್ನೆರಡನೆಯ ದಿನ ಸೋತವರು ನಾಚಿಕೊಳ್ಳಬೇಕಾದ್ದು ಏನಿದೆ?

ಈಗ ಎಮೋಷನಲ್ ಈಟಿಂಗ್ ಸಲಹೆಯ ಕಡೆಗೆ. ದೀರ್ಘ ಉಸಿರು ತೆಗೆದುಕೊಳ್ಳಿ, ಸ್ನಾನ ಮಾಡಿ, ಮನಸ್ಸಿನಲ್ಲಿರುವುದನ್ನು ಬರೆಯಿರಿ, ಗೆಳೆಯರಿಗೆ ಫೋನ್ ಮಾಡಿ. ಹೊಟ್ಟೆ ತುಂಬಿದವರಿಗೆ ಇವು ಒಳ್ಳೆಯ ಸಲಹೆ. ಹಸಿದವರಿಗೆ ಕೊಟ್ಟರೆ ಕ್ರೌರ್ಯ. ಆದ್ದರಿಂದ ಮೊದಲು ಎರಡನ್ನೂ ಬೇರ್ಪಡಿಸಬೇಕು. ಅದಕ್ಕೆ ಏಳು ದಿನದ ಡೈರಿ ಸಾಕು. ತಿಂದಾಗಲೆಲ್ಲ ಒಂದು ಸಾಲು: ಗಂಟೆ, ಹಿಂದಿನ ಊಟವಾಗಿ ಎಷ್ಟು ಹೊತ್ತಾಯಿತು, ಹಸಿವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ತಿನ್ನುವ ಮುಂಚಿನ ಅರ್ಧ ಗಂಟೆಯಲ್ಲಿ ಏನಾಯಿತು, ಏನು ಎಷ್ಟು ತಿಂದದ್ದು. ತಿನ್ನುವ ಮೊದಲೇ ಬರೆಯಬೇಕು. ರಾತ್ರಿ ಕೂತು ನೆನಪಿನಿಂದ ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಎಷ್ಟು ಪ್ರಯತ್ನಿಸಿದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಹತ್ತು ಜನರನ್ನು 1992ರ ಒಂದು ಅಧ್ಯಯನ ಅಳೆದು ನೋಡಿದಾಗ, ಅವರು ನಿಜವಾಗಿ ತಿಂದದ್ದಕ್ಕಿಂತ ಸರಾಸರಿ 47 ಶೇಕಡಾ ಕಡಿಮೆ ಹೇಳಿದ್ದರು. ಅವರು ಬೇಕೆಂದು ಸುಳ್ಳು ಹೇಳಿದವರಲ್ಲ. ಬಾಣಲೆಗೆ ಸುರಿದ ಎಣ್ಣೆ ನೆನಪಿನಲ್ಲಿ ಉಳಿಯುವುದಿಲ್ಲ. ಒಂದು ದೊಡ್ಡ ಚಮಚ, ಅಂದರೆ 15 ಮಿಲೀ ಎಣ್ಣೆಯಲ್ಲಿ 120 ಕ್ಯಾಲೊರಿ ಇದೆ. ಒಂದು ಹಿಡಿ ಕಡಲೆಬೀಜ, 30 ಗ್ರಾಂ, 170 ಕ್ಯಾಲೊರಿ.

ಏಳು ದಿನದ ನಂತರ ಬಣ್ಣದ ಪೆನ್ನು ಹಿಡಿದು ಕೂರಬೇಕು. ಹಿಂದಿನ ಊಟವಾಗಿ ನಾಲ್ಕೈದು ಗಂಟೆ ಕಳೆದಿದ್ದ ಸಾಲುಗಳಿಗೆ, ಇಲ್ಲವೇ ಆ ದಿನದ ಊಟವೇ ಕಡಿಮೆಯಾಗಿದ್ದ ಸಾಲುಗಳಿಗೆ ಒಂದು ಬಣ್ಣ. ಹೊಟ್ಟೆ ತುಂಬ ಉಂಡು ಎರಡು ಗಂಟೆಯೊಳಗೆ ತಿಂದ ಸಾಲುಗಳಿಗೆ ಇನ್ನೊಂದು. ಅನುಮಾನವಿದ್ದರೆ ಹಳೆಯ ಪರೀಕ್ಷೆಯೊಂದಿದೆ: ಆಗ ಬೇಯಿಸಿದ ಮೊಟ್ಟೆಯನ್ನೋ ಬರಿಯ ಅನ್ನವನ್ನೋ ಕೊಟ್ಟಿದ್ದರೆ ತಿನ್ನುತ್ತಿದ್ದಿರಾ? ಹೌದಾದರೆ ಹಸಿವು. 'ಅದು ಬೇಡ, ಸಿಹಿಯೇ ಬೇಕು' ಎಂದಾದರೆ ಚಪಲವೋ ಬೇಸರವೋ ಇರಬಹುದು. ಪರೀಕ್ಷೆ ನೂರಕ್ಕೆ ನೂರು ಸರಿಯಲ್ಲ. ಬಹಳ ದಿನ ಅರೆಹೊಟ್ಟೆಯಲ್ಲಿದ್ದವರಿಗೆ ಹಸಿವೂ ಸಿಹಿಯನ್ನೇ ಕೇಳುತ್ತದೆ. ಅದಕ್ಕೇ ಗಂಟೆಯ ಕಲಂ ಮುಖ್ಯ.

ಮೊದಲ ಬಣ್ಣವೇ ಜಾಸ್ತಿಯಿದ್ದರೆ, ಹೆಚ್ಚಿನ ಡೈರಿಗಳಲ್ಲಿ ಹಾಗೇ ಇರುತ್ತದೆ, ಮನಸ್ಸಿನ ಕೆಲಸ ಸದ್ಯಕ್ಕೆ ಬದಿಗಿರಲಿ. ಸಂಜೆ ನಾಲ್ಕೂವರೆ ಐದಕ್ಕೆ 250ರಿಂದ 300 ಕ್ಯಾಲೊರಿಯ ತಿಂಡಿಯನ್ನು ಸೇರಿಸಬೇಕು. ಬರಿಯ ಹಣ್ಣು ಸಾಲದು. ಎರಡು ಮೊಟ್ಟೆ ಮತ್ತು ಒಂದು ಹಣ್ಣು, ಇಲ್ಲವೇ ಒಂದು ಬಟ್ಟಲು ಮೊಸರು ಮತ್ತು ಬೇಯಿಸಿದ ಕಾಳು. ಮೂರು ಹೊತ್ತಿನ ಊಟದಲ್ಲೂ ಪ್ರೋಟೀನ್ 20ರಿಂದ 25 ಗ್ರಾಂ ಬರುವಂತೆ ನೋಡಿಕೊಳ್ಳಬೇಕು. ಕಿಡ್ನಿ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. 'ತಿಂಡಿ ಸೇರಿಸಿದರೆ ತೂಕ ಇಳಿಯುವುದು ಹೇಗೆ' ಎಂಬ ಭಯ ಎಲ್ಲರಿಗೂ ಬರುತ್ತದೆ. ಲೆಕ್ಕ ಹಾಕಿ ನೋಡಿ. ವಾರದಲ್ಲಿ ಐದು ದಿನ 800 ಕ್ಯಾಲೊರಿ ಕಡಿಮೆ ತಿಂದರೆ 4,000. ಉಳಿದ ಎರಡು ದಿನ ಕಟ್ಟು ಹರಿದು ಖರ್ಚಿಗಿಂತ 1,500 ಹೆಚ್ಚು ತಿಂದರೆ 3,000 ವಾಪಸು. ಕೈಗೆ ಉಳಿದದ್ದು 1,000, ಅಂದರೆ 130 ಗ್ರಾಂ ಕೊಬ್ಬು. ಅದೇ ಏಳೂ ದಿನ ಬರೀ 400 ಕಡಿಮೆ ತಿಂದರೆ 2,800, ಅಂದರೆ 360 ಗ್ರಾಂ. ಕಷ್ಟ ಅರ್ಧ, ಫಲ ಎರಡೂವರೆ ಪಟ್ಟಿಗಿಂತ ಹೆಚ್ಚು.

ಹೀಗೆ ಎರಡು ವಾರ ಉಂಡ ಮೇಲೂ ಉಳಿಯುವ ಸಾಲುಗಳೇ ನಿಜವಾದ ಎಮೋಷನಲ್ ಈಟಿಂಗ್. ವಾರಕ್ಕೆ ಎರಡೋ ಮೂರೋ ಇರುತ್ತವೆ. ಅವುಗಳಲ್ಲಿ ಹೊತ್ತು, ಜಾಗ, ಮುಂಚಿನ ಘಟನೆ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಕೆಲಸ ಮುಗಿಸಿ ಮನೆಗೆ ಬಂದ ಮೊದಲ ಇಪ್ಪತ್ತು ನಿಮಿಷ, ಮಕ್ಕಳು ಮಲಗಿದ ಮೇಲಿನ ಮೌನ, ಒಂದು ನಿರ್ದಿಷ್ಟ ವ್ಯಕ್ತಿಯ ಫೋನ್ ಇಟ್ಟ ಮೇಲೆ. 'ಒತ್ತಡ ಬಂದಾಗ ಧ್ಯಾನ ಮಾಡುತ್ತೇನೆ' ಎಂಬ ಸಂಕಲ್ಪ ಇಲ್ಲಿ ನಿಲ್ಲುವುದಿಲ್ಲ, ತೀರಾ ಅಗಲವಾಯಿತು. 'ಬಾಗಿಲು ತೆಗೆದು ಚೀಲ ಇಟ್ಟ ಕೂಡಲೇ ಬಟ್ಟೆ ಬದಲಿಸಿ ಮಹಡಿಗೆ ಹೋಗಿ ಹತ್ತು ನಿಮಿಷ ಕೂರುತ್ತೇನೆ' ಎಂದು ಬರೆದರೆ ನಿಲ್ಲುತ್ತದೆ. ಯಾವ ಕ್ಷಣಕ್ಕೆ ಯಾವ ಕೆಲಸ ಎಂದು ಮೊದಲೇ ಗಂಟು ಹಾಕಿರಬೇಕು, ಕೆಲಸ ಅಡುಗೆಮನೆಯ ಹೊರಗಿನದಾಗಿರಬೇಕು. ಹತ್ತು ನಿಮಿಷ ಕಳೆದ ಮೇಲೂ ಬೇಕೆನಿಸಿದರೆ ತಿನ್ನಿ, ಆದರೆ ಪೊಟ್ಟಣದಿಂದ ಬೇಡ. ಮೂರು ಬಿಸ್ಕತ್ತು ತಟ್ಟೆಗೆ ಹಾಕಿ, ಪೊಟ್ಟಣ ಮಡಚಿ ಒಳಗಿಟ್ಟು, ದೀಪ ಹಾಕಿ, ಕೂತು ತಿನ್ನಿ.

'ಇನ್ನು ಮುಟ್ಟುವುದೇ ಇಲ್ಲ' ಎಂಬ ಆಣೆ ಯಾಕೆ ಬೇಡ ಎಂಬುದಕ್ಕೂ ಕಾರಣವಿದೆ. 1975ರಲ್ಲಿ ಮನಶ್ಶಾಸ್ತ್ರಜ್ಞರಾದ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಮಿಲ್ಕ್‌ಶೇಕ್ ಕುಡಿಸಿ ಐಸ್‌ಕ್ರೀಮ್ ಮುಂದಿಟ್ಟು ನೋಡಿದರು. ಡಯಟ್ ಗೋಜಿಲ್ಲದವರು ಮಿಲ್ಕ್‌ಶೇಕ್ ಕುಡಿದಷ್ಟೂ ಐಸ್‌ಕ್ರೀಮ್ ಕಡಿಮೆ ತಿಂದರು. ಊಟದ ಮೇಲೆ ಸದಾ ಕಡಿವಾಣ ಹಾಕಿಕೊಂಡವರು ಕುಡಿದ ಮೇಲೆ ಜಾಸ್ತಿ ತಿಂದರು. ಕಟ್ಟು ಒಂದು ಸಲ ಮುರಿದರೆ ಇಡೀ ದಿನ ಕೆಟ್ಟಿತೆಂಬ ಭಾವ, ಆರನೆಯ ಬಿಸ್ಕತ್ತಿನ ಹೊತ್ತಿಗೆ ಬಂದ ಅದೇ ಮಾತು.

ಈ ಮಾನಸಿಕ ತಂತ್ರಗಳಿಂದ ತಿನ್ನುವ ಪರಿ ಸುಧಾರಿಸುತ್ತದೆ, ನೆಮ್ಮದಿ ಬರುತ್ತದೆ. ತೂಕ ಮಾತ್ರ ಅವುಗಳಿಂದಲೇ ಹೆಚ್ಚು ಇಳಿಯುವುದಿಲ್ಲ. ಗಮನವಿಟ್ಟು ತಿನ್ನುವ ಅಭ್ಯಾಸದ ಅಧ್ಯಯನಗಳಲ್ಲೂ ಹೀಗೇ ಕಂಡಿದೆ. ವಾರಕ್ಕೊಮ್ಮೆಯಾದರೂ, ಮೂರು ತಿಂಗಳಿಂದ, ಕೈಮೀರಿ ಬಹಳ ತಿಂದು ಆಮೇಲೆ ಅಸಹ್ಯಪಡುವ ಪರಿಪಾಠವಿದ್ದರೆ ಅದು ಚಪಲವಲ್ಲ, ಬಿಂಜ್ ಈಟಿಂಗ್ ಎಂಬ ಕಾಯಿಲೆ. ಅದಕ್ಕೆ ಚಿಕಿತ್ಸೆಯಿದೆ. ಅಂಥವರಿಗೆ ಇನ್ನೊಂದು ಡಯಟ್ ಪುಸ್ತಕ ಕೊಡಬೇಡಿ, ದಯವಿಟ್ಟು. ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಲು ಜೊತೆಗೆ ಹೋಗಿ.

ಉಳಿದವರಿಗೆ ಹದಿಮೂರನೆಯ ದಿನದ ಬೆಳಿಗ್ಗೆಯೇ ಎಲ್ಲಕ್ಕಿಂತ ಮುಖ್ಯ. ರಾತ್ರಿಯ ಬಿಸ್ಕತ್ತಿಗೆ ದಂಡವೆಂದು ತಿಂಡಿ ಬಿಟ್ಟರೆ ಅವತ್ತಿನ ಹತ್ತೂವರೆಯೂ ನಿನ್ನೆಯದರಂತೆಯೇ ಬರುತ್ತದೆ. ಮೂರು ದಿನ ತೂಕದ ಯಂತ್ರ ಹತ್ತಬೇಡಿ, ನೀರು ಇಳಿಯಲಿ. ಡೈರಿಯಲ್ಲಿ 'ರಾತ್ರಿ 10.30, ಸೂಪ್ ಆಗಿ ಎರಡೂವರೆ ಗಂಟೆ, ಹಸಿವು 8, ಬಿಸ್ಕತ್ತು ಒಂದು ಪೊಟ್ಟಣ' ಎಂದು ಬರೆಯಿರಿ, 'ಛೀ' ಎಂದು ಬರೆಯಬೇಡಿ. ಎಂದಿನ ಹೊತ್ತಿಗೆ ತಿಂಡಿ ತಿನ್ನಿ, ಸಂಜೆ ಐದಕ್ಕೆ ತಿನ್ನಬೇಕಾದ್ದನ್ನು ಈಗಲೇ ಡಬ್ಬಿಗೆ ಹಾಕಿ ಚೀಲದಲ್ಲಿಡಿ.