ಜೀಪಿನ ಸೆಲ್ಫ್ ಮತ್ತು ಎರಡು ತಾಮ್ರದ ಬೋಲ್ಟುಗಳು

ಕಳಸದ ಕಡೆಯ ತೋಟಗಳಲ್ಲಿ ಜೀಪನ್ನು ಇಳಿಜಾರಿನಲ್ಲೇ ನಿಲ್ಲಿಸುವ ಅಭ್ಯಾಸ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಸೆಲ್ಫ್ (ಎಂಜಿನ್ನನ್ನು ಸ್ಟಾರ್ಟ್ ಮಾಡುವ ಮೋಟಾರು) ಕೆಟ್ಟಿದ್ದರೂ ತಿಂಗಳುಗಟ್ಟಲೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ರೇಕ್ ಬಿಟ್ಟು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಎದ್ದುಬಿಡುತ್ತದೆ. ಈ ಅಭ್ಯಾಸದ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಕಾಫಿ ಕೊಯ್ಲಿನ ಕಾಲದಲ್ಲಿ ಹಿಂದೆ ಮೂಟೆಗಳು, ಮೂಟೆಗಳ ಮೇಲೆ ಕೆಲಸದವರು ಕುಳಿತಿರುವಾಗ ಹಳ್ಳದ ನಡುವೆ ಎಂಜಿನ್ ನಿಂತುಹೋದರೆ ಅಲ್ಲಿ ಇಳಿಜಾರು ಎಲ್ಲಿಂದ ಬರಬೇಕು?

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಳೆಯ ಡೀಸೆಲ್ ಜೀಪು ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು ಮಾಡಿ ಸುಮ್ಮನಾಗತೊಡಗಿತು. ಕೆಲವೊಮ್ಮೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಪಕ್ಕದ ತೋಟದ ಹುಡುಗ ಸದ್ದು ಕೇಳಿದವನೇ, “ಅಕ್ಕ, ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿಬಿಡಿ” ಎಂದ. “ಮೊದಲು ಹೆಡ್‌ಲೈಟ್ ಹಾಕುತ್ತೇನೆ, ಪಕ್ಕದಲ್ಲಿ ನಿಂತು ನೋಡು” ಎಂದೆ. ಕೀ ತಿರುಗಿಸಿದೆ. ಟಕ್ ಎಂದಿತು, ದೀಪ ಮಾತ್ರ ಹಾಗೆಯೇ ಉರಿಯುತ್ತಿತ್ತು.

ಡೀಸೆಲ್ ಎಂಜಿನ್ನನ್ನು ತಿರುಗಿಸುವಾಗ ಸೆಲ್ಫ್ ಮೋಟಾರು ನೂರಾರು ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಸೋತಿದ್ದರೆ ಅಥವಾ ಮೋಟಾರು ಜಾಮ್ ಆಗಿದ್ದರೆ ದೀಪ ಮಂಕಾಗಲೇಬೇಕು. ಆಗಲಿಲ್ಲವೆಂದರೆ ಆ ಕರೆಂಟು ಹರಿಯಲೇ ಇಲ್ಲ. ಟಕ್ ಸದ್ದು ಬಂದಿದೆ, ಅಂದರೆ ಸೊಲೆನಾಯ್ಡಿನ (ಸೆಲ್ಫಿಗೆ ಕರೆಂಟು ಬಿಡುವ ವಿದ್ಯುತ್ಕಾಂತದ ಸ್ವಿಚ್ಚು) ಒಳಗೆ ಜಾರುವ ಕಬ್ಬಿಣದ ಸರಳು, ಪ್ಲಂಜರ್, ಚಲಿಸಿದೆ. ಕೀ ಸ್ವಿಚ್ಚಿನಿಂದ ಬರುವ ತೆಳು ವೈರು ತನ್ನ ಕೆಲಸ ಮಾಡಿದೆ. ಸದ್ದೇ ಬಾರದಿದ್ದರೆ ನಾನು ಮೊದಲು ನೋಡುತ್ತಿದ್ದುದು ಆ ವೈರಿನ ತುದಿಯನ್ನು. ಸೆಲ್ಫ್ ಇರುವುದು ಕೆಳಗೆ. ಹಳ್ಳದ ನೀರು, ಕೆಂಪು ಕೆಸರು ನೇರವಾಗಿ ಅಲ್ಲಿಗೇ ರಾಚುತ್ತದೆ.

ಮುಂದಿನ ಕೆಲಸ ಮಲ್ಟಿಮೀಟರಿನದು. ಗೇರನ್ನು ನ್ಯೂಟ್ರಲಿಗೆ ತಂದು, ಚಕ್ರಗಳಿಗೆ ಕಲ್ಲು ಕೊಟ್ಟೆ. ಬ್ಯಾಟರಿ 12.5 ವೋಲ್ಟ್ ತೋರಿಸಿತು. ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ, ಹುಡುಗ ಕೀ ಹಿಡಿದಿದ್ದಾಗ, ಹೇಳಿಕೊಳ್ಳುವಂಥ ವೋಲ್ಟೇಜ್ ಇರಲಿಲ್ಲ; ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ, ಸರಿಯಿದೆ. ಕೊನೆಗೆ ಮೀಟರಿನ ಎರಡು ಕಡ್ಡಿಗಳನ್ನು ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ಮೇಲಿಟ್ಟೆ. ಒಂದಕ್ಕೆ ಬ್ಯಾಟರಿಯಿಂದ ಕೇಬಲ್ ಬರುತ್ತದೆ, ಇನ್ನೊಂದರಿಂದ ಮೋಟಾರಿಗೆ ಹೋಗುತ್ತದೆ. ಟಕ್ ಎಂದ ಮೇಲೂ ಮೀಟರು 12ರ ಆಸುಪಾಸಿನಲ್ಲೇ ನಿಂತಿತು. ಒಳಗಿನ ತಾಮ್ರದ ಬಿಲ್ಲೆ ಎರಡೂ ಬೋಲ್ಟುಗಳನ್ನು ಸರಿಯಾಗಿ ಕೂಡಿಸಿದ್ದರೆ ಅಲ್ಲಿ ಕಾಲು ವೋಲ್ಟೂ ಇರಬಾರದು. ಅದೇ ಅಂಕಿ ಇನ್ನೊಂದು ವಿಷಯವನ್ನೂ ಹೇಳುತ್ತದೆ: ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದು ಒಳದಾರಿ ಕಡಿದುಹೋಗಿದ್ದರೆ ಈ 12 ಸಿಗುತ್ತಿರಲಿಲ್ಲ.

ಈ ಹಂತದಲ್ಲಿ ಬಹಳ ಜನ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುತ್ತಾರೆ. ದಯವಿಟ್ಟು ಬೇಡ. ಹಳೆಯ ಡೀಸೆಲ್ ಎಂಜಿನ್ನಿಗೆ ಕೀ ಆನ್ ಇರಬೇಕೆಂದೇನೂ ಇಲ್ಲ. ಗೇರಿನಲ್ಲಿ ನಿಂತ ಜೀಪಿನ ಕೀ ಟರ್ಮಿನಲ್ಲಿಗೆ (ಕೀ ಸ್ವಿಚ್ಚಿನ ತೆಳು ವೈರು ಸೊಲೆನಾಯ್ಡಿಗೆ ಸೇರುವ ಜಾಗ) ಹಾಗೆ ಕರೆಂಟು ಕೊಟ್ಟರೆ, ಕೆಳಗೆ ಮಲಗಿರುವವರ ಮೇಲೆಯೇ ಅದು ಹರಿದುಬಿಡಬಹುದು.

ಬ್ಯಾಟರಿಯ ನೆಗೆಟಿವ್ ಕಳಚಿ, ಸೊಲೆನಾಯ್ಡ್ ಬಿಚ್ಚಿ ತಂದು ಅಂಗಳದಲ್ಲಿ ಕುಳಿತೆ. ಮುಚ್ಚಳದ ಎರಡು ಸ್ಕ್ರೂ ತೆಗೆದು, ಬೆಸುಗೆ ಕರಗಿಸಿದರೆ ಒಳಭಾಗ ಕಾಣುತ್ತದೆ. ಬಿಲ್ಲೆಯ ಅಂಚಿನಲ್ಲಿ ಹುಳು ಕೊರೆದಂಥ ಗುಂಡಿಗಳು, ಸುತ್ತ ಕಪ್ಪು ಮಸಿ. ಬ್ಯಾಟರಿ ಕಡೆಯ ಬೋಲ್ಟಿನ ತಲೆ ಒಂದೇ ಪಕ್ಕಕ್ಕೆ ಸವೆದಿತ್ತು, ಇನ್ನೊಂದು ಪಕ್ಕ ಹೊಸದರಂತೆ ಹೊಳೆಯುತ್ತಿತ್ತು. ಬೋಲ್ಟುಗಳನ್ನು ಅರ್ಧ ಸುತ್ತು ತಿರುಗಿಸಿ, ಬಿಲ್ಲೆಯನ್ನು ಮಗುಚಿ ಹಾಕಿ, ನಯವಾದ ಎಮರಿ ಕಾಗದದಿಂದ ಉಜ್ಜಿ ಮತ್ತೆ ಬೆಸುಗೆ ಹಾಕಿದೆ. ಈ ಕೆಲಸ ಮಾಡುವಾಗ ನನಗಾಗುವ ಸಂತೋಷ ಹೊಸ ಬಿಡಿಭಾಗದ ಡಬ್ಬಿ ಒಡೆಯುವಾಗ ಆಗುವುದಿಲ್ಲ.

ಕೂರಿಸುವ ಮೊದಲು ಸುರುಳಿಗಳನ್ನೂ ನೋಡಬೇಕು. ಒಳಗೆ ಇರುವುದು ಎರಡು: ಪ್ಲಂಜರನ್ನು ಎಳೆಯುವುದೊಂದು, ಹಿಡಿದಿಡುವುದೊಂದು. ಬಿಲ್ಲೆ ಕೂಡಿದೊಡನೆ ಎಳೆಯುವ ಸುರುಳಿಯ ಎರಡು ತುದಿಗಳಿಗೂ ಬ್ಯಾಟರಿಯ ವೋಲ್ಟೇಜ್ ಬಂದು ಅದು ಕೆಲಸ ನಿಲ್ಲಿಸುತ್ತದೆ. ಆಗ ಹಿಡಿಯುವ ಸುರುಳಿ ಕಡಿದುಹೋಗಿದ್ದರೆ ಪ್ಲಂಜರ್ ಜಾರುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ಜಾರುತ್ತದೆ. ಬ್ಯಾಟರಿ ಚೆನ್ನಾಗಿದ್ದರೂ ‘ಟಕಟಕಟಕ’ ಎನ್ನುವ ಜೀಪಿನ ಕಥೆ ಇದೇ. ನೆಗೆಟಿವ್ ವೈರನ್ನು ಸೊಲೆನಾಯ್ಡಿನ ಮೈಗೂ ಮೋಟಾರ್ ಬೋಲ್ಟಿಗೂ ಹಿಡಿದು, ಕೀ ಟರ್ಮಿನಲ್ಲಿಗೆ ಪಾಸಿಟಿವ್ ಕೊಟ್ಟೆ, ಪ್ಲಂಜರ್ ಒಳಹೋಯಿತು. ಮೋಟಾರ್ ಬೋಲ್ಟಿನ ವೈರು ತೆಗೆದರೂ ಅಲ್ಲೇ ನಿಂತಿತು. ಎರಡೂ ಸುರುಳಿ ಸರಿಯಿವೆ.

ಕೂರಿಸಿ ಕೀ ತಿರುಗಿಸಿದಾಗ ಎಂಜಿನ್ ಒಮ್ಮೆಲೇ ಹತ್ತಿಕೊಂಡಿತು. ಆದರೂ ಬೋಲ್ಟಿಗೆ ಇನ್ನು ಹೊಸ ಪಕ್ಕ ಉಳಿದಿಲ್ಲ, ಮುಂದಿನ ಸಲ ಹೊಸ ಸೊಲೆನಾಯ್ಡೇ ಬೇಕು. ಸವೆದ ಬಿಲ್ಲೆ ಒಮ್ಮೊಮ್ಮೆ ಬೋಲ್ಟಿಗೆ ಅಂಟಿಕೊಳ್ಳುವುದೂ ಉಂಟು. ಆಗ ಕೀ ಕಿತ್ತರೂ ಸೆಲ್ಫ್ ನಿಲ್ಲದೆ ತಿರುಗಿ ಸುಟ್ಟುಹೋಗುತ್ತದೆ, ಬ್ಯಾಟರಿಯ ಸಂಪರ್ಕ ಕೂಡಲೇ ಕಡಿಯಬೇಕು. ಅದಕ್ಕಾಗಿ ನೆಗೆಟಿವ್ ಕೇಬಲ್ಲಿಗೆ ಒಂದು ಕಟ್‌ಆಫ್ ಸ್ವಿಚ್ ಹಾಕಿಸಿದ್ದೇನೆ, ಚಾಲಕನ ಸೀಟಿನಿಂದಲೇ ಕೈಗೆ ಎಟುಕುವಂತೆ.