ಲಾಡಿಯ ಮೇಲೊಂದು ಹೆಸರು

ಹೊಲಿದ ಬಟ್ಟೆಗೆ ನಮ್ಮದೇ ಲೇಬಲ್ ಬೇಕೆಂದರೆ ಟೇಲರಿಂಗ್ ಸಾಮಾನಿನ ಅಂಗಡಿಗೆ ಹೋಗಿ ಹತ್ತಿಯ ಲಾಡಿ ಕೇಳಿ. ಲಂಗಕ್ಕೆ, ಪೈಜಾಮಕ್ಕೆ ಹಾಕುತ್ತೇವಲ್ಲ, ಅದೇ. ಎರಡೂ ಅಂಚು ನೇಯ್ದೇ ಬಂದಿರುವುದರಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ, ಕತ್ತರಿಸಿದ ತುದಿಗಳನ್ನಷ್ಟೇ ಮಡಚಿದರಾಯಿತು. ಪಾಲಿಯೆಸ್ಟರ್ ರಿಬ್ಬನ್ ಹೊಳೆಯುತ್ತದೆ ನಿಜ. ಆದರೆ ಇಸ್ತ್ರಿ ಜೋರಾದರೆ ಮುದುಡುತ್ತದೆ, ಸುಟ್ಟು ಅಂಟಿಸಿದ ತುದಿ ಮಗುವಿನ ಕುತ್ತಿಗೆಗೆ ಚುಚ್ಚುತ್ತದೆ. ನಾನು ಹೊಲಿಯುವುದು ಹೆಚ್ಚಾಗಿ ಮಕ್ಕಳ ಕೌದಿ, ಅಂಗಿ, ಸಂತೆ ಚೀಲ. ಮೈಗೆ ತಾಗುವುದಕ್ಕೆ ಹತ್ತಿಯೇ ಆಗಬೇಕು, ಇದರಲ್ಲಿ ರಾಜಿಯಿಲ್ಲ.

ಲಾಡಿಯನ್ನು ಮೊದಲು ಬಿಸಿನೀರು, ಸೋಪಿನಲ್ಲಿ ತೊಳೆದು ಒಣಗಿಸಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಗಂಜಿಯೂ ಹೋಗಬೇಕು, ಇಲ್ಲದಿದ್ದರೆ ಬಣ್ಣ ನೂಲಿನೊಳಗೆ ಇಳಿಯುವುದಿಲ್ಲ.

ಇನ್ನು ಬಣ್ಣ. ಶಿರಸಿ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊಯ್ಲಿನ ದಿನಗಳಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರು ಬಟ್ಟೆಗೆ ತಾಗಿದರೆ ಜನ್ಮಕ್ಕೂ ಹೋಗದು ಎಂದು ಎಲ್ಲರಿಗೂ ಗೊತ್ತು. ಹೋಗದ ಕಲೆಯೇ ನಮಗೆ ಬೇಕಾದ್ದು. ಅದರಲ್ಲಿರುವ ಟ್ಯಾನಿನ್ ನೂಲನ್ನು ಬಿಡುವುದಿಲ್ಲ. ಲಾಡಿಯನ್ನು ಪಟಿಕದ ನೀರಲ್ಲಿ ನೆನೆಸಿ ಹಿಂಡಿ, ತೆಳುಮಾಡಿದ ಚೊಗರಿನಲ್ಲಿ ರಾತ್ರಿಯಿಡೀ ಬಿಟ್ಟು ನೆರಳಲ್ಲಿ ಒಣಗಿಸಿದರೆ ಕಂದುಗೆಂಪು ಬಣ್ಣ ಬರುತ್ತದೆ. ಯಾವ ಅಂಗಡಿಯಲ್ಲೂ ಈ ಬಣ್ಣದ ಲಾಡಿ ನಾನು ಕಂಡಿಲ್ಲ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರು ಒಂದಿಷ್ಟು ಸೇರಿಸಿದರೆ ಬೂದುಗಪ್ಪಾಗುತ್ತದೆ. ಕಬ್ಬಿಣ ಅತಿಯಾದರೆ ಹತ್ತಿಯ ನೂಲು ಬರಬರುತ್ತ ಜೀರ್ಣವಾಗುತ್ತದೆ, ಆದ್ದರಿಂದ ಕೈ ಹಿಡಿದು ಹಾಕಿ.

ಅಕ್ಷರಕ್ಕೆ ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡೆ. ಆಫೀಸಿನ ಸ್ಟ್ಯಾಂಪ್ ಪ್ಯಾಡಿನ ಶಾಯಿ ಒಗೆತಕ್ಕೆ ನಿಲ್ಲುವುದಿಲ್ಲ, ಫ್ಯಾಬ್ರಿಕ್ ಪೇಂಟನ್ನೇ ಸ್ಪಂಜಿನ ತುಂಡಿನಿಂದ ತೆಳ್ಳಗೆ ಸವರಿ ಒತ್ತಬೇಕು. ಕನ್ನಡದ ಅಕ್ಷರಕ್ಕೆ ಸುಳಿಗಳು ಜಾಸ್ತಿ, ಒತ್ತಕ್ಷರ ಬೇರೆ ಕೆಳಗಿಳಿಯುತ್ತದೆ. ಸಣ್ಣದಾಗಿ ಮಾಡಿಸಿದರೆ ಸುಳಿಯೊಳಗೆ ಬಣ್ಣ ತುಂಬಿ ಮುದ್ದೆಯಾಗುತ್ತದೆ. ಅಗಲದ ಲಾಡಿ, ಬಿಡಿಬಿಡಿಯಾದ ಅಕ್ಷರ ಇರಲಿ. ಒತ್ತಿದ ಕೂಡಲೇ ಸ್ಟ್ಯಾಂಪನ್ನು ಹಳೆ ಟೂತ್‌ಬ್ರಶ್ಶಿನಿಂದ ತೊಳೆದಿಡಿ. ಲಾಡಿಯ ಅಕ್ಷರ ಪೂರ್ತಿ ಒಣಗಿದ ಮೇಲೆ ಮೇಲೊಂದು ಬಟ್ಟೆ ಹಾಸಿ ಬಿಸಿ ಇಸ್ತ್ರಿ ಹಾಕಿದರೆ ಬಣ್ಣ ಕೂರುತ್ತದೆ. ಮಳೆಗಾಲದಲ್ಲಿ ಈ ಕೆಲಸ ಬೇಡ. ಆಷಾಢದ ಶಿರಸಿಯಲ್ಲಿ ಒಣಗುವುದು ಏನಿದೆ?

ನನ್ನ ಲೇಬಲ್ಲಿನಲ್ಲಿ ಹೆಸರು, ಊರು, ಇಸವಿ. ಚೊಗರಿನ ಲಾಡಿ ಹಾಕಿದ್ದಕ್ಕೆ ‘ಮೊದಲ ಸಲ ಬೇರೆಯಾಗಿ ಒಗೆಯಿರಿ’ ಎಂದೂ ಇರುತ್ತದೆ. ಹೆಸರು ಹಾಕಲು ಮೊದಲೆಲ್ಲ ಸಂಕೋಚವಿತ್ತು. ನಾದಿನಿಯ ಮಗುವಿಗೆಂದು ಹೊಲಿದ ಕೌದಿಯನ್ನು ತಿರುವಿ ನೋಡಿದ ಅತ್ತೆ, "ಇದ್ರಲ್ಲಿ ನಿನ್ ಹೆಸ್ರು ಎಲ್ಲಿದ್ದೇ ತಂಗಿ?" ಎಂದು ಕೇಳಿದರು. ಈ ಮನೆಯ ಅಟ್ಟದ ಪೆಟ್ಟಿಗೆಯಲ್ಲಿರುವ ಕೌದಿಗಳಲ್ಲಿ ಯಾವುದು ಯಾರು ಹೊಲಿದದ್ದು ಎಂದು ಹೇಳಬಲ್ಲವರು ಈಗ ಅವರೊಬ್ಬರೇ. ಅಂದಿನಿಂದ ಹೆಸರಿಲ್ಲದೆ ಒಂದನ್ನೂ ಮನೆಯಿಂದ ಹೊರಗೆ ಕಳಿಸಿಲ್ಲ.

ಅಂಗಿ, ಚೀಲಕ್ಕಾದರೆ ಲೇಬಲ್ಲನ್ನು ನಡುವೆ ಮಡಚಿ ಹೊಲಿಗೆಯ ಸಂದಿಗೇ ಸೇರಿಸಿ, ಅಸ್ತರ್ ಮುಚ್ಚುವ ಮೊದಲೇ. ಕೌದಿಗೆ ಮೂಲೆಯೇ ಸರಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹೊಲಿಯುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಹೂ ಕೂರಿಸುತ್ತಾರೆ. ಎತ್ತಿ ಹೊದೆಯುವಾಗ ಕೈ ಹಿಡಿಯುವುದೂ ಮೂಲೆಯನ್ನೇ. ಅತ್ತೆ ನೆನಪಿಸಿಕೊಂಡು ಹೇಳಿದ ಹೆಸರುಗಳನ್ನು ಈಗ ಹಳೆಯ ಕೌದಿಗಳಿಗೂ ಹಾಕುತ್ತಿದ್ದೇನೆ. ಅವು ದಪ್ಪ, ಬಟ್ಟೆಯೂ ಸವೆದಿದೆ, ಮಿಷನ್ನಿಗೆ ಕೊಡಬಾರದು. ಸಣ್ಣ ಸೂಜಿಯಲ್ಲಿ ಹಿಂಬದಿಯ ಪದರವನ್ನಷ್ಟೇ ಹಿಡಿದು ಕೈಹೊಲಿಗೆ ಹಾಕಬೇಕು.