ಮೃಗಶಿರಾ ಹಿಡಿಯುವ ಮೊದಲು

ತೀರ್ಥಹಳ್ಳಿ ಸೀಮೆಯಲ್ಲಿ ವೈರಿಂಗ್ ಕೆಲಸ ಮಾಡುವವರಿಗೆ ಮಳೆಗಾಲ ಜೂನ್ ತನಕ ಕಾಯುವುದಿಲ್ಲ. ಭರಣಿ, ಕೃತ್ತಿಕೆಯಲ್ಲಿ ಒಂದೆರಡು ಗುಡುಗು ಮಳೆ ಬಿದ್ದರೆ ಸಾಕು, ಫೋನ್ ಶುರು. ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ, ಪಂಪ್ ಆನ್ ಆಗುತ್ತಿಲ್ಲ, ಮೀಟರ್ ಬೋರ್ಡ್‌ನಲ್ಲಿ ಚಿಟಿಚಿಟಿ ಸದ್ದು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಅಂಥ ಜಾಗದಲ್ಲಿ ಜುಲೈಗೆ ಗುಂಡಿ ತೋಡುತ್ತೇನೆ, ಗೋಡೆ ಒಡೆದು ಪೈಪ್ ಬದಲಾಯಿಸುತ್ತೇನೆ ಅಂದರೆ ಆಗುವ ಮಾತಲ್ಲ. ಅದಕ್ಕೇ ಮೇ ತಿಂಗಳಲ್ಲಿ ನಾನು ಹೊಸ ಮನೆಯ ಕೆಲಸ ಹಿಡಿಯುವುದಿಲ್ಲ, ಹಳೇ ಗಿರಾಕಿಗಳ ಮನೆ ಸುತ್ತುತ್ತೇನೆ.

ಮೊದಲು ನೋಡುವುದು ಅರ್ಥಿಂಗ್ ಗುಂಡಿ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಲು ಪೈಪ್ ಹೂತ ಗುಂಡಿ. ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಅಳೆಯಬೇಕಾದ್ದು ನೆಲ ಒಣಗಿ ಬಿರಿದಿರುವಾಗ. ನೆನೆದ ಮಣ್ಣಿನಲ್ಲಿ ಕರೆಂಟ್ ಸುಲಭವಾಗಿ ಇಳಿಯುವುದರಿಂದ ಮಳೆಗಾಲದಲ್ಲಿ ಅಳೆದರೆ ಎಂಥಾ ಕೆಟ್ಟ ಗುಂಡಿಯೂ ಒಳ್ಳೆಯದಾಗಿಯೇ ಕಾಣುತ್ತದೆ. ಮೊದಲ ಮಳೆಯ ಅಪಾಯ ಇರುವುದೇ ಅಲ್ಲಿ: ಗೋಡೆ, ಅಂಗಳ, ಬಟ್ಟೆ ಒಣಹಾಕುವ ತಂತಿ ಎಲ್ಲ ನೆನೆದಿರುತ್ತವೆ, ಆದರೆ ಎರಡೂವರೆ ಮೀಟರ್ ಆಳಕ್ಕೆ ಇಳಿದ ಪೈಪಿನ ಸುತ್ತ ಜಂಬಿಟ್ಟಿಗೆ ಮಣ್ಣು ಇನ್ನೂ ಒಣಗಿಯೇ ಇರುತ್ತದೆ.

ನಮ್ಮಲ್ಲಿ ಬಹಳ ಜನ ಬಲ್ಬ್ ಹಚ್ಚಿ ನೋಡುತ್ತಾರೆ. ಫೇಸಿಗೂ (ಕರೆಂಟ್ ಬರುವ ತಂತಿ) ಅರ್ಥಿಗೂ ನಡುವೆ 100 ವಾಟ್ ಬಲ್ಬ್ ಉರಿದರೆ ಅರ್ಥಿಂಗ್ ಸರಿ ಇದೆ ಅಂತ ಲೆಕ್ಕ. ಈ ಲೆಕ್ಕ ನಂಬಬೇಡಿ. ಆ ಬಲ್ಬ್ ಎಳೆಯುವುದು ಅರ್ಧ ಆಂಪಿಯರ್‌ಗೂ ಕಡಿಮೆ. ಗುಂಡಿಯ ರೆಸಿಸ್ಟೆನ್ಸ್ 50 ಓಮ್ ಇದ್ದರೂ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಅದೇ ಗುಂಡಿಗೆ ನಾಳೆ ಗ್ರೈಂಡರ್‌ನ ಬಾಡಿಯಿಂದ ಪೂರ್ತಿ ಫೇಸ್ ಇಳಿದರೆ ಹರಿಯುವುದು ನಾಲ್ಕೂವರೆ ಆಂಪಿಯರ್ ಚಿಲ್ಲರೆ. ಮಿತಿ ಮೀರಿ ಕರೆಂಟ್ ಹರಿದರೆ ತಾನೇ ಬೀಳುವ 16 ಆಂಪಿಯರ್ ಎಂಸಿಬಿಗೆ ಅದು ಮಾಮೂಲಿ ಲೋಡ್, ಅಲ್ಲಾಡುವುದಿಲ್ಲ. ಗ್ರೈಂಡರ್ ಮಾತ್ರ ಕರೆಂಟ್ ಹೊತ್ತು ಕೂತಿರುತ್ತದೆ. ಗುಂಡಿಯ ರೆಸಿಸ್ಟೆನ್ಸ್ ಅಳೆಯುವ ಅರ್ಥ್ ಟೆಸ್ಟರ್ ಕೊಳ್ಳಲು ಆಗದಿದ್ದರೆ ನಾಲ್ಕು ಜನ ಸೇರಿ ಒಂದು ತೆಗೆದುಕೊಳ್ಳಿ. ನಾನು 5 ಓಮ್‌ನ ಒಳಗೆ ಬರುವ ತನಕ ಬಿಡುವುದಿಲ್ಲ. ಬಾರದಿದ್ದರೆ ಇನ್ನೊಂದು ಪೈಪ್ ದೂರದಲ್ಲಿ ಇಳಿಸಿ ಎರಡನ್ನೂ ಜೋಡಿಸುತ್ತೇನೆ.

ಅರ್ಥಿಂಗ್ ಎಷ್ಟೇ ಚೆನ್ನಾಗಿದ್ದರೂ, ಕರೆಂಟ್ ಸೋರಿದ ಕೂಡಲೇ ಸಪ್ಲೈ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕೇ ಬೇಕು. ಮಳೆಗಾಲದ ದೊಡ್ಡ ಜಗಳವೂ ಅದರದ್ದೇ. "ದಿನಕ್ಕೆ ಹತ್ತು ಸಲ ಬೀಳ್ತದೆ ಮಾರಾಯ, ಅದೊಂದು ತೆಗೆದು ಡೈರೆಕ್ಟ್ ಕೊಟ್ಟುಬಿಡು" ಅಂತ ಗಿರಾಕಿ ಹೇಳುತ್ತಾರೆ. "ಅದು ಬೀಳೋದೇ ನಿಮ್ಮ ಮಕ್ಕಳನ್ನ ಉಳಿಸೋಕೆ ಗೌಡ್ರೇ, ಎಲ್ಲಿ ಸೋರ್ತಿದೆ ಹುಡುಕಿಕೊಡ್ತೀನಿ, ತೆಗೆಯೋದಿಲ್ಲ" ಅನ್ನುತ್ತೇನೆ. ಬೈಪಾಸ್ ಮಾಡಿಕೊಟ್ಟು ದುಡ್ಡು ಇಸಿದುಕೊಳ್ಳುವ ಕೆಲಸ ಯಾರೂ ಮಾಡಬಾರದು. ಗಿರಾಕಿ ಕೋಪಿಸಿಕೊಂಡರೆ ಕೋಪಿಸಿಕೊಳ್ಳಲಿ.

ಮೇ ತಿಂಗಳಲ್ಲೇ ಮೆಗ್ಗರ್ (ವೈರಿನ ಇನ್ಸುಲೇಷನ್ ಸೋರುತ್ತಿದೆಯೇ ಅಳೆಯುವ ಮೀಟರ್) ಹಾಕಿ ಒಂದೊಂದೇ ಸರ್ಕ್ಯೂಟ್ ನೋಡಿಬಿಟ್ಟರೆ ಈ ಜಗಳ ಮುಕ್ಕಾಲು ಪಾಲು ಇರುವುದಿಲ್ಲ. ಸೋರುವ ಜಾಗ ಹೆಚ್ಚಾಗಿ ಗೊತ್ತಿರುವವೇ. ಬಚ್ಚಲುಮನೆಯ ಹಿಂದಿನ ಗೋಡೆ, ಗೇಟಿನ ಲೈಟು, ಕೊಟ್ಟಿಗೆಯ ಪ್ಲಗ್. ಬೇಸಿಗೆ ಪೂರ್ತಿ ಮುಟ್ಟದ ಬೋರ್ಡ್ ಬಿಚ್ಚಿದರೆ ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ, ಸ್ವಿಚ್ಚಿನ ಎರಡು ಟರ್ಮಿನಲ್ ನಡುವೆಯೇ. ಒಣಗಿದ್ದಾಗ ಏನೂ ಆಗುವುದಿಲ್ಲ. ಥಂಡಿ ಹಿಡಿದ ಕೂಡಲೇ ಆ ಮಣ್ಣೇ ಕರೆಂಟಿಗೆ ದಾರಿ. ಮೇನ್ ಆಫ್ ಮಾಡಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಕೆರೆದು ತೆಗೆಯುತ್ತೇನೆ. ಆಮೇಲೆ ಪೈಪಿನ ಬಾಯಿಗೆ ಎಂ-ಸೀಲ್.

ಕಂಬದಿಂದ ಬರುವ ಸರ್ವಿಸ್ ವೈರ್ ಮನೆಯೊಳಗೆ ಹೋಗುವ ಮೊದಲು ಪೈಪಿನ ಬಾಯಿಗಿಂತ ಗೇಣುದ್ದ ಕೆಳಗೆ ಜೋಲಿ, ಮತ್ತೆ ಮೇಲೇರಬೇಕು. ವೈರ್ ಹಿಡಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ನೋಡಲು ಚೆಂದ, ಆದರೆ ನೀರು ನೇರವಾಗಿ ಮೀಟರಿಗೆ. ಪಂಪ್ ಸ್ಟಾರ್ಟರ್ ಡಬ್ಬಿಗೂ ಕೇಬಲ್ ಕೆಳಗಿನಿಂದಲೇ ಹೋಗಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಜನರೇಟರ್. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಲ್ಲಿ ಅಡಿಕೆ ತೋಟದ ಮನೆಗಳಿಗೆಲ್ಲ ಈಗ ಚಿಕ್ಕ ಜನರೇಟರ್ ಬಂದಿದೆ. ಕೆಲವರು ಅದರ ವೈರನ್ನು ಯಾವುದೋ ಪ್ಲಗ್ಗಿಗೆ ಚುಚ್ಚಿ ಮನೆಯೆಲ್ಲ ಬೆಳಗಿಸುತ್ತಾರೆ. ಮೇನ್ ಆಫ್ ಮಾಡಲು ಮರೆತರೆ ಆ 230 ವೋಲ್ಟ್ ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರ್ ಸೇರುತ್ತದೆ. 11,000 ವೋಲ್ಟನ್ನು ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್ ತಿರುಗಿ ಏರಿಸಿಯೂ ಕೊಡುತ್ತದೆ. ಲೈನ್ ಸತ್ತಿದೆ ಅಂತ ನಂಬಿ, ಸುರಿವ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಕೈಗೆ ಅದು ಸಿಗುತ್ತದೆ. ನಮಗೆಲ್ಲ ಬೆಳಕು ಕೊಡಲು ಬಂದವನು ಅವನು, ಅವನಿಗೂ ಮನೆಯಲ್ಲಿ ಕಾಯುವವರಿದ್ದಾರೆ. ಚೇಂಜ್‌ಓವರ್ ಸ್ವಿಚ್ ಒಂದನ್ನು ಹಾಕಿದರೆ ಎರಡೂ ಕಡೆಯ ಕರೆಂಟ್ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಜನರೇಟರ್ ಕಂಡ ಮನೆಯಲ್ಲಿ ನಾನು ಬೇರೆಲ್ಲ ಕೆಲಸ ಬಿಟ್ಟು ಮೊದಲು ಇದನ್ನೇ ಕೇಳುತ್ತೇನೆ. ಕೈಯಲ್ಲಿ ದುಡ್ಡಿಲ್ಲ ಅಂದವರಿಗೆ ಸ್ವಿಚ್ ಹಾಕಿಕೊಟ್ಟು, ಅಡಿಕೆ ಮಾರಿದ ಮೇಲೆ ಕೊಡಿ ಅನ್ನುತ್ತೇನೆ.

ಇನ್ನು ನಮ್ಮ ಸ್ವಂತದ್ದು. ರಬ್ಬರ್ ಗ್ಲೌಸನ್ನು ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ ಗಾಳಿ ಹಿಡಿದು ಕೆನ್ನೆಯ ಹತ್ತಿರ ಒತ್ತಿ. ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಚರ್ಮಕ್ಕೆ ತಾಗುತ್ತದೆ, ತಾಗಿದರೆ ಬಿಸಾಡಿ. ಅಲ್ಯೂಮಿನಿಯಂ ಏಣಿ ಬೇಡ. ಬಿದಿರಿನದು ಒಳ್ಳೆಯದೇ, ಆದರೆ ನೆನೆದ ಬಿದಿರನ್ನೂ ನಂಬಬಾರದು. ಕಟಿಂಗ್ ಪ್ಲೇಯರ್‌ನ ಹಿಡಿ ಬಿರಿದಿದ್ದರೆ ಅದಕ್ಕೆ ಟೇಪ್ ಸುತ್ತಿ ಕಾಲ ಹಾಕಬೇಡಿ, ಹೊಸದು ತನ್ನಿ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಬ್ಯಾಗಿನಲ್ಲಿರಲಿ. ಸಿಡಿಲು ಮೇ ತಿಂಗಳಲ್ಲೇ ಹೆಚ್ಚು, ಸಿಡಿಲಿನ ಮುನ್ನೆಚ್ಚರಿಕೆ ಕೊಡುವ 'ದಾಮಿನಿ' ಆ್ಯಪ್ ಫೋನಿನಲ್ಲಿ ಹಾಕಿಕೊಳ್ಳಿ.

ಜೂನ್‌ನಿಂದ ಆಗಸ್ಟ್‌ವರೆಗೆ ಮನೆ ಕಟ್ಟುವ ಕೆಲಸ ನಿಂತೇ ಹೋಗುತ್ತದೆ. ಬಾಕಿ ಇರುವ ಕೂಲಿಯನ್ನು ರೋಹಿಣಿ ಮಳೆ ಮುಗಿಯುವುದರೊಳಗೆ ಕೇಳಿ ಇಸಿದುಕೊಳ್ಳಿ, ಸಂಕೋಚ ಬೇಡ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಎಲೆಕ್ಟ್ರಿಷಿಯನ್‌ಗಳಿಗೂ ಸಿಗುತ್ತದೆ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಮೇಸ್ತ್ರಿಗಳೂ ಮನೆ ಮಾಲೀಕರೂ ಕೈಗೆ ಸಿಗುವಾಗಲೇ ಆ ಕಾಗದ ಮಾಡಿಸಿಟ್ಟುಕೊಳ್ಳಿ.

ನನ್ನ ಜೊತೆ ಬರುವ ಹುಡುಗರಿಗೆ ಒಂದನ್ನು ಖಡಾಖಂಡಿತವಾಗಿ ಹೇಳಿದ್ದೇನೆ: ಮೀಟರಿನಿಂದ ಈಚೆಗಿನದು ನಮ್ಮದು, ಕಂಬ ನಮ್ಮದಲ್ಲ. ಊರವರು ಎಷ್ಟೇ ಕೈಮುಗಿದರೂ ಫ್ಯೂಸ್ ಹಾಕಲು ಕಂಬ ಹತ್ತುವಂತಿಲ್ಲ. ತಂತಿ ಬಿದ್ದಿದ್ದರೆ ದೂರ ನಿಂತು, ಜನ ಜಾನುವಾರು ಅತ್ತ ಹೋಗದ ಹಾಗೆ ತಡೆದು, 1912ಕ್ಕೆ ಫೋನ್ ಮಾಡಬೇಕು.